ರಾಜಕಾಲುವೆಯ ನೀರನ್ನು ನಾವೇ ಪರೀಕ್ಷಿಸುವುದು ಹೇಗೆ?

ಮಳೆ ನಿಂತು ಮೂರು ದಿನ ಕಳೆದ ಮೇಲೆ ನಿಮ್ಮ ಬಡಾವಣೆಯ ರಾಜಕಾಲುವೆಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ. ಮಳೆನೀರಿಗೆಂದೇ ಕಟ್ಟಿದ ಕಾಲುವೆಯಲ್ಲಿ ಆಗಲೂ ಧಾರಾಳವಾಗಿ ನೀರು ಹರಿಯುತ್ತಿದ್ದರೆ, ಅದು ಮನೆಗಳ ಕೊಳಚೆಯೋ ಕಾರ್ಖಾನೆಯ ತ್ಯಾಜ್ಯವೋ ಆಗಿರುವ ಸಂಭವವೇ ಹೆಚ್ಚು. ಬೆಂಗಳೂರಿನ ವೃಷಭಾವತಿ ನದಿ ಕಡುಬೇಸಿಗೆಯಲ್ಲೂ ಬತ್ತದಿರುವುದಕ್ಕೆ ಇದೇ ಕಾರಣ. ಆ ನೀರು ಬೈರಮಂಗಲ ಕೆರೆಯನ್ನು ಹಾಯ್ದು ಅರ್ಕಾವತಿಯನ್ನೂ, ಮುಂದೆ ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ಆದ್ದರಿಂದ ಸ್ವಯಂಸೇವಕರ ಮೊದಲ ಅಳತೆಗೆ ಉಪಕರಣವೇ ಬೇಡ, ಒಂದು ನೋಟ್‌ಬುಕ್ ಸಾಕು.

ಮುಂದಿನ ಹೆಜ್ಜೆ ಜಾಗದ ಆಯ್ಕೆ. ಅನುಮಾನವಿರುವ ಪೈಪು ಕಾಲುವೆಗೆ ಬೀಳುವ ಕಡೆಯಿಂದ ಸ್ವಲ್ಪ ಮೇಲೊಂದು, ಕೆಳಗೊಂದು ಸ್ಥಳ ಗುರುತಿಸಿಕೊಳ್ಳಿ. ಒಂದೇ ಕಡೆಯ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ, ಎರಡರ ನಡುವಿನ ವ್ಯತ್ಯಾಸವೇ ಮಾತನಾಡಬೇಕು. ಕಾಲುವೆಯೊಳಗೆ ಯಾರೂ ಇಳಿಯಬಾರದು. ಸೇತುವೆಯಿಂದ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು, ಅದೇ ನೀರಿನಲ್ಲಿ ಬಕೆಟ್ಟನ್ನೂ ಬಾಟಲಿಯನ್ನೂ ಮೂರು ಸಲ ತೊಳೆದು, ಅನಂತರ ಮಾದರಿ ತುಂಬಿಕೊಳ್ಳಬೇಕು. ಇಲಿಜ್ವರದ ಭಯವಿರುವುದರಿಂದ ರಬ್ಬರ್ ಕೈಗವಸು ಕಡ್ಡಾಯ.

ಆರ್‌ಒ ಫಿಲ್ಟರ್ ರಿಪೇರಿಗೆ ಬರುವವರ ಜೇಬಿನಲ್ಲಿರುವ ಪೆನ್ನಿನಂಥ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ) ಮೀಟರ್, ನೀರಿನ ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಪಟ್ಟಿ, ಥರ್ಮಾಮೀಟರ್ ಇವಿಷ್ಟರಿಂದ ಆರಂಭಿಸಬಹುದು. ಆದರೆ ಹೆಚ್ಚು ಹೇಳುವುದು ನೀರಿನಲ್ಲಿ ಕರಗಿರುವ ಆಮ್ಲಜನಕ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ; ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಮೀನುಗಾರಿಕೆಗೆ ಕನಿಷ್ಠ 4 ಇರಬೇಕು. ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ಬಾಟಲಿಯನ್ನು ತುಂಬಿ, ಕರಗಿದ ಆಮ್ಲಜನಕವನ್ನು ಅಳೆಯುವ ಕಿಟ್‌ನಲ್ಲಿರುವ ಮೊದಲ ಎರಡು ದ್ರಾವಣಗಳನ್ನು ಸ್ಥಳದಲ್ಲೇ ಹಾಕಿ ಅಲುಗಾಡಿಸಿ. ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಮೋಡದಂತೆ ಇಳಿಯುತ್ತದೆ, ಇಲ್ಲದಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ. ಆ ಬಿಳಿಯನ್ನು ಒಮ್ಮೆ ಕಂಡವರಿಗೆ ಅಂಕಿಯ ವಿವರಣೆ ಬೇಕಾಗುವುದಿಲ್ಲ.

ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿದ್ದರೆ ಬಕೆಟ್ಟಿನಲ್ಲಿ ಕಡ್ಡಿಯಿಂದ ಕದಡಿ ನೋಡಿ. ಒಡೆದ ಚೂರುಗಳಾಗಿಯೇ ಉಳಿದರೆ ಬಹುಮಟ್ಟಿಗೆ ಕಬ್ಬಿಣದ ಬ್ಯಾಕ್ಟೀರಿಯಾದ ಸಹಜ ಪೊರೆ, ಮತ್ತೆ ಕೂಡಿಕೊಂಡರೆ ಎಣ್ಣೆ.

ಮಳೆಗಾಲದ ಲೆಕ್ಕವೇ ಬೇರೆ. ದೀರ್ಘ ಬಿಸಿಲಿನ ನಂತರದ ಮೊದಲ ಮಳೆಯ ಆರಂಭದ ನೀರು ರಸ್ತೆಯ ಎಣ್ಣೆ, ಟೈರಿನ ಪುಡಿ, ಕಸವನ್ನೆಲ್ಲ ಹೊತ್ತು ತರುವುದರಿಂದ ಆ ಮಾದರಿಗೆ ಬೆಲೆ ಹೆಚ್ಚು. ಆಗ ಮಳೆನೀರು ಬೆರೆತು ಟಿಡಿಎಸ್ ಇಳಿಯಬಹುದು. ಅದನ್ನು ನೋಡಿ ನೀರು ಶುದ್ಧವಾಯಿತೆಂದು ಬರೆದುಕೊಳ್ಳಬೇಡಿ. ಕಾಲುವೆ ಉಕ್ಕುತ್ತಿದ್ದರೆ ಮಾದರಿಯ ಆಸೆ ಬಿಟ್ಟು ಮನೆಗೆ ಹೋಗಿ.

ಪೈಪಿನ ಫೋಟೊ, ದಿನಾಂಕ, ಗಂಟೆ, ಎರಡೂ ಕಡೆಯ ಅಂಕಿಗಳೊಂದಿಗೆ ಬೆಂಗಳೂರಿನಲ್ಲಾದರೆ ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನೂ ಅದೇ ಪುಟದಲ್ಲಿ ಬರೆದಿಡಿ. ಹದಿನೈದು ದಿನ ಬಿಟ್ಟು ಅದೇ ಗಂಟೆಗೆ ಮತ್ತೆ ಹೋಗಬೇಕು, ಏಕೆಂದರೆ ಮನೆಗಳ ಸ್ನಾನ, ಪಾತ್ರೆ, ಬಟ್ಟೆಯ ನೀರು ಬಂದು ಸೇರುವ ಬೆಳಗಿನ ಹೊತ್ತಿನ ಅಂಕಿಯನ್ನು ಮಧ್ಯಾಹ್ನದ ಅಂಕಿಯೊಡನೆ ಹೋಲಿಸಲಾಗದು.