ಯೆಜೋವ್‌ನ ಏಳುಬೀಳನ್ನು ಓದುವುದು ಹೇಗೆ

ಸ್ಟಾಲಿನ್‌ನ ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಅವನ ಕ್ರೌರ್ಯದ ಕತೆಗಳು. ಅವನ್ನು ಸದ್ಯಕ್ಕೆ ಬದಿಗಿಡಿ. ಇತಿಹಾಸ ಪಾಠ ಮಾಡುವಾಗ ನಾನು ಶುರು ಮಾಡುವುದು ಒಂದು ಖಾಲಿ ಹಾಳೆಯಿಂದ. ಎಡಕ್ಕೆ ಯೆಜೋವ್, ಬಲಕ್ಕೆ ಸ್ಟಾಲಿನ್. ತಾರೀಖುಗಳನ್ನು ಅಕ್ಕಪಕ್ಕ ಬರೆಯಿರಿ.

ಮೊದಲ ಸಾಲು ಬಲಗಡೆ ಬರುತ್ತದೆ. 1936ರ ಸೆಪ್ಟೆಂಬರ್ 25ರಂದು ಸೋಚಿಯಿಂದ ಸ್ಟಾಲಿನ್ ಮತ್ತು ಪಕ್ಷದ ಮುಖಂಡ ಝ್ದಾನೊವ್ ತಂತಿ ಕಳಿಸಿದರು: ಗುಪ್ತ ಪೊಲೀಸರ ಆಗಿನ ಮುಖ್ಯಸ್ಥ ಯಗೋದಾ ಸಾಲದು, ಕೆಲಸ ನಾಲ್ಕು ವರ್ಷ ಹಿಂದೆ ಬಿದ್ದಿದೆ. ಮರುದಿನವೇ ಎನ್‌ಕೆವಿಡಿ, ಅಂದರೆ ಗುಪ್ತ ಪೊಲೀಸರನ್ನು ನಡೆಸುತ್ತಿದ್ದ ಆಂತರಿಕ ವ್ಯವಹಾರಗಳ ಖಾತೆ, ಯೆಜೋವ್ ಕೈಗೆ ಬಂತು.

ಜಾಸ್ತಿ ಸಮಯ ಕೊಡಬೇಕಾದದ್ದು 1937ರ ಜುಲೈ 30ರ ಆದೇಶ 00447ಕ್ಕೆ. ಪ್ರತಿ ಪ್ರಾಂತ್ಯದಲ್ಲೂ ಇಷ್ಟು ಜನರನ್ನು ಶಿಕ್ಷಿಸಬೇಕು ಎಂದು ಅದರಲ್ಲಿ ಮೊದಲೇ ಬರೆದಿತ್ತು. ಮೊದಲ ವರ್ಗಕ್ಕೆ ಗುಂಡು, ಎರಡನೆಯದಕ್ಕೆ 8ರಿಂದ 10 ವರ್ಷ ಸೆರೆ. ಆರೋಪಿ ಎದುರಿಗೆ ಇಲ್ಲದೆಯೇ ಮೂವರ ಸಮಿತಿ ತೀರ್ಮಾನಿಸುತ್ತಿತ್ತು. ಸಹಿ ಯೆಜೋವ್‌ನದು. ಮರುದಿನ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ಒಪ್ಪಿತು. ಆಮೇಲೆ ಪ್ರಾಂತ್ಯದ ಅಧಿಕಾರಿಗಳೇ "ನಮ್ಮ ಮಿತಿ ಹೆಚ್ಚಿಸಿ" ಎಂದು ಕೇಳತೊಡಗಿದರು. 1937 ಮತ್ತು 1938ರಲ್ಲಿ ಇಡೀ ದೇಶದಲ್ಲಿ ದಾಖಲಾದ ಮರಣದಂಡನೆಗಳೇ 6,80,000ಕ್ಕೂ ಹೆಚ್ಚು. ಇದೆಲ್ಲ ಒಬ್ಬ ಹುಚ್ಚನ ಕೆಲಸ ಅಂದುಬಿಟ್ಟರೆ ಉಳಿದ ಸಹಿಗಳೆಲ್ಲ ತಪ್ಪಿಸಿಕೊಳ್ಳುತ್ತವೆ, ಅಲ್ವಾ? ನನಗೆ ಅದು ಸಹಿಸಲಾಗದ ಮಾತು.

ಬೀಳುವಿಕೆಯನ್ನು ಬಂಧನದ ದಿನದಲ್ಲಿ ಹುಡುಕಬೇಡಿ. ಎರಡನೇ ಹುದ್ದೆ ಯಾವಾಗ ಸಿಕ್ಕಿತು ನೋಡಿ. 1938ರ ಏಪ್ರಿಲ್‌ನಲ್ಲಿ ಅವನಿಗೆ ಜಲಸಾರಿಗೆ ಖಾತೆಯನ್ನೂ ಕೊಟ್ಟರು. ಯಗೋದಾನನ್ನೂ ಹೀಗೆಯೇ ಮೊದಲು ಸಂಪರ್ಕ ಖಾತೆಗೆ ಕಳಿಸಿದ್ದರು. ಆಗಸ್ಟ್‌ನಲ್ಲಿ ಬೆರಿಯಾ ಉಪಮುಖ್ಯಸ್ಥನಾಗಿ ಬಂದ. ನವೆಂಬರ್ 17ರ ನಿರ್ಣಯ ಸಾಮೂಹಿಕ ಬಂಧನಗಳನ್ನು ನಿಲ್ಲಿಸಿ, ತಪ್ಪನ್ನೆಲ್ಲ ಎನ್‌ಕೆವಿಡಿ ತಲೆಗೆ ಕಟ್ಟಿತು. ಅದೇ ತಿಂಗಳು ಯೆಜೋವ್ ಕುರ್ಚಿ ಹೋಯಿತು. 1939ರ ಏಪ್ರಿಲ್ 10ರಂದು ಬಂಧನ, 1940ರ ಫೆಬ್ರವರಿ 4ರಂದು ಗುಂಡು.

ಅವನ ಮೇಲಿನ ಗೂಢಚಾರಿಕೆಯ ಆರೋಪವನ್ನು ಮಾತ್ರ ಸುಮ್ನೆ ನಂಬಬೇಡಿ. ಹೊಡೆದು ಒಪ್ಪಿಸಿದರು ಎಂದು ಕೋರ್ಟಿನಲ್ಲಿ ಅವನೇ ಹೇಳಿದ. ಅವನ ನಿಜವಾದ ಅಪರಾಧಗಳಿಗೆ ಆ ಸುಳ್ಳಿನ ಆಸರೆ ಬೇಕಿಲ್ಲ. 1998ರಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಅವನನ್ನು ದೋಷಮುಕ್ತಗೊಳಿಸಲು ಒಪ್ಪಲಿಲ್ಲ.

ಇದು ಮುಗಿದ ಮೇಲೆ ಬೆರಿಯಾಗೂ ಇಂಥದ್ದೇ ಹಾಳೆ ಮಾಡಿ. ಅವನ ಬಂಧನ 1953ರ ಜೂನ್‌ನಲ್ಲಿ. ಸ್ಟಾಲಿನ್ ಮಾರ್ಚ್‌ನಲ್ಲೇ ಸತ್ತಿದ್ದ. ಹಾಗಾಗಿ ಬಲಗಡೆ ಸ್ಟಾಲಿನ್ ನಂತರದ ನಾಯಕರಾದ ಕ್ರುಶ್ಚೇವ್ ಮತ್ತು ಮಲೆಂಕೋವ್ ಹೆಸರು ಬರೆದು ಮುಂದುವರಿಸಿ.