ದುಬೈಗೆ ಹೊರಟವರೇ, ನಿಮ್ಮ ಹೆಸರಿನ ಕಥೆ ಕೇಳಿಕೊಂಡು ಹೊರಡಿ

ನಾನು ದುಬೈಯಿಂದ ರಜೆಯಲ್ಲಿ ಉಡುಪಿಗೆ ಬಂದಾಗಲೆಲ್ಲ ಅಲ್ಲಿಗೆ ಹೊರಟ ಹುಡುಗ ಹುಡುಗಿಯರು ಯಾರಾದರೂ ನಮ್ಮ ಮನೆಗೆ ಬರುತ್ತಾರೆ. ರೂಮಿನ ಬಾಡಿಗೆ ಎಷ್ಟು, ಕುಚ್ಚಲಕ್ಕಿ ಸಿಗುತ್ತದಾ ಎಂದು ಕೇಳುತ್ತಾರೆ. ಕುಚ್ಚಲಕ್ಕಿ ಧಾರಾಳ ಸಿಗುತ್ತದೆ. ನಾನು ತಿರುಗಿ ಕೇಳುವುದು ಬೇರೆ. ನಿಮ್ಮ ಹೆಸರಿನ ಅರ್ಥ ಏನು? ಸರ್‌ನೇಮ್ ಯಾರ ಕಡೆಯಿಂದ ಬಂತು? ಹೆಚ್ಚಿನವರು ಸುಮ್ನೆ ನಗುತ್ತಾರೆ. ಅಲ್ಲಿ ಹತ್ತು ದೇಶದವರ ನಡುವೆ ಕೆಲಸ ಮಾಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ.

ಮೊದಲು ಕಾಗದದ ವಿಷಯ ಮುಗಿಸೋಣ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದು 2022ರ ನವೆಂಬರ್‌ನಲ್ಲಿ ಯುಎಇ ನಿಯಮ ತಂದಿತು. ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ಸ್ವಲ್ಪ ಸಡಿಲಿಸಿದರು. ಆದರೂ ವಿಮಾನ ನಿಲ್ದಾಣದಲ್ಲಿ ನಿಂತು ವಾದ ಮಾಡುವುದು ಯಾರಿಗೆ ಬೇಕು ಮಾರಾಯ್ರೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ತೊಡಕಿದೆ. ಕೋಟ್ಯಾನ್, ಸುವರ್ಣ, ಸಾಲ್ಯಾನ್, ಬಂಗೇರ, ಕರ್ಕೇರ ಇವೆಲ್ಲ ‘ಬರಿ’ಗಳ ಹೆಸರುಗಳು. ಬರಿ ಎಂದರೆ ತುಳುವರ ಕುಲ, ಗೋತ್ರ ಇದ್ದ ಹಾಗೆ. ಅಳಿಯಸಂತಾನದಲ್ಲಿ ಬರಿ ಬರುವುದು ತಾಯಿಯಿಂದ. ಹಾಗಾಗಿ ಅಪ್ಪ ಕೋಟ್ಯಾನ್, ಮಗ ಸುವರ್ಣ ಆಗಿರಬಹುದು. ಮಗನಿಗೆ ಅಪ್ಪನ ಹೆಸರು ಯಾಕಿಲ್ಲ ಎಂದು ಕೌಂಟರಿನಲ್ಲಿ ಕೇಳಿದರೆ ಗಾಬರಿ ಬೇಡ. ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ ಎಂದು ನೇರವಾಗಿ ಹೇಳಿ, ಜನನ ಪತ್ರ ಕೈಯಲ್ಲಿಟ್ಟುಕೊಳ್ಳಿ. ನಿಮ್ಮ ಬರಿ ಅಮೀನ್ ಆದರೆ ನಿಮ್ಮನ್ನು ಮುಸ್ಲಿಮರೆಂದು ತಿಳಿಯುವವರು ಸಿಗುತ್ತಾರೆ. ಅರಬಿಯಲ್ಲಿ ಅಮೀನ್ ಎಂದರೆ ನಂಬಿಕಸ್ಥ. ಅದು ಒಳ್ಳೆಯ ಅರ್ಥವೇ, ಮುಜುಗರ ಪಡುವಂಥದ್ದೇನಿಲ್ಲ.

ಅರಬರ ಹೆಸರಲ್ಲಿ ಒಂದು ಎಚ್ಚರ. ಅಬ್ದುಲ್ ರಹಮಾನ್ ಎಂದರೆ ಕರುಣಾಮಯಿಯ ಸೇವಕ. ಬರೀ ‘ಅಬ್ದುಲ್’ ಎಂದು ಕರೆದರೆ ‘ಇಂಥವನ ಸೇವಕ’ ಎಂದು ಅರ್ಧಕ್ಕೇ ನಿಲ್ಲಿಸಿದ ಹಾಗೆ. ಪೂರ್ತಿ ಹೇಳಿ. ಹಿರಿಯರನ್ನು ಮಕ್ಕಳ ಹೆಸರು ಹಿಡಿದು ‘ಅಬು ಖಾಲಿದ್’ ಎಂದು ಕರೆಯುವುದನ್ನೂ ಕೇಳುತ್ತೀರಿ, ಖಾಲಿದನ ಅಪ್ಪ ಎಂದು. ನಮ್ಮ ಮನೆಗಳಲ್ಲೂ ಹೀಗೆ ಕರೆಯುತ್ತೇವೆ, ಅಲ್ವಾ? ಇನ್ನು ಫಿಲಿಪೀನ್ಸ್‌ನವರ ಸ್ಯಾಂಟೋಸ್, ಕ್ರೂಜ್ ಎಲ್ಲ ಸ್ಪ್ಯಾನಿಷ್. 1849ರಲ್ಲಿ ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಒಂದು ಪಟ್ಟಿ ಹೊರಡಿಸಿ, ಅದರಿಂದ ಕುಟುಂಬದ ಹೆಸರು ಹಂಚಿಸಿದ. ಮಂಗಳೂರಿನ ಕ್ರೈಸ್ತ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಅವರ ಲೋಬೊ, ಪಿರೇರಾ ಗೋವಾದ ದಾರಿಯಲ್ಲಿ ಬಂದ ಪೋರ್ಚುಗೀಸ್ ಹೆಸರುಗಳು. ಲೋಬೊ ಎಂದರೆ ತೋಳ, ಪಿರೇರಾ ಎಂದರೆ ಪೇರ್ ಹಣ್ಣಿನ ಮರ.

ನನಗೆ ಜಾಸ್ತಿ ಹೇಳಬೇಕಾದದ್ದು ಇನ್ನೊಂದು ಇದೆ. ನನ್ನ ಅಜ್ಜಿಯ ಹೆಸರು ತುಕ್ರು. ಶುಕ್ರವಾರ ಹುಟ್ಟಿದವಳು. ತುಳುನಾಡಿನಲ್ಲಿ ಭಾನುವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಗುರುವಾರದವ ಗುರುವ, ಶುಕ್ರವಾರದವ ತುಕ್ರ, ಶನಿವಾರದವ ತನಿಯ. ತುಳುವಿನಲ್ಲಿ ಕೆಲವು ಕಡೆ ‘ಸ’ ಇರುವಲ್ಲಿ ‘ತ’ ಬರುತ್ತದೆ. ಶುಕ್ರ ತುಕ್ರನಾದದ್ದು, ಶನಿ ತನಿಯನಾದದ್ದು ಹಾಗೆ. ನಾವು ಕೈಮುಗಿಯುವ ದೈವ ಕೊರಗಜ್ಜನ ಹೆಸರೂ ಕೊರಗ ತನಿಯ. ಆದರೂ ಈ ಹೆಸರುಗಳನ್ನು ಬೆವರು ಸುರಿಸಿ ದುಡಿಯುವ ಜಾತಿಗಳಿಗೆ ಬಿಟ್ಟು, ಅವನ್ನೇ ಹಿಡಿದು ನಕ್ಕದ್ದು ನಮ್ಮ ಊರೇ. ಶಾಲೆಯಲ್ಲಿ ಅಜ್ಜಿಯ ಹೆಸರು ಹೇಳಲು ನಾನು ಹಿಂಜರಿಯುತ್ತಿದ್ದೆ. ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

ದುಬೈಯಲ್ಲಿ ನನ್ನ ಪಕ್ಕದ ಮೇಜಿನವರು ಘಾನಾ ದೇಶದವರು. ಅಲ್ಲಿನ ಅಕಾನ್ ಜನ ಹುಟ್ಟಿದ ವಾರದ ಹೆಸರನ್ನು ಹೆಮ್ಮೆಯಿಂದ ಇಡುತ್ತಾರೆ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಅವರ ‘ಕೋಫಿ’ ಎಂದರೆ ಶುಕ್ರವಾರದ ಗಂಡು. 1957ರಲ್ಲಿ ಘಾನಾಕ್ಕೆ ಸ್ವಾತಂತ್ರ್ಯ ತಂದ ಕ್ವಾಮೆ ಎನ್‌ಕ್ರುಮಾ ಅವರ ‘ಕ್ವಾಮೆ’, ಶನಿವಾರದವ. ಅಂದರೆ ನಮ್ಮ ತುಕ್ರ, ನಮ್ಮ ತನಿಯ. ಇದನ್ನು ಕೇಳಿದ ದಿನ ನಾನು ಮೊದಲ ಸಲ ಹೊರಗಿನವರ ಮುಂದೆ ಅಜ್ಜಿಯ ಹೆಸರು ಹೇಳಿದೆ. ‘ನಮ್ಮಲ್ಲಾದರೆ ಅವರು ಅಫುವಾ’ ಎಂದರು ಅವರು. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ತುಂಬ ಹೊತ್ತು ನೋಡಿದರು.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಹೊರಡುವ ಮೊದಲು ಹತ್ತಿರ ಕೂತು ಕೇಳಿ. ನಿಮಗೆ ಹೆಸರು ಇಟ್ಟವರು ಯಾರು, ಯಾವ ವಾರ ಹುಟ್ಟಿದಿರಿ, ಮನೆಯ ಬರಿ ಯಾವುದು, ಅವರ ಅಮ್ಮನ ಹೆಸರೇನು. ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಅಜ್ಜಿಯನ್ನು ತುಕ್ರು ಎಂದು ಮೊದಲು ಕರೆದವರು ಯಾರು ಎಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.