ಗ್ರಿಲ್‌ನಿಂದ ಗೀಸರ್‌ವರೆಗೆ: ಮುಂಬಯಿ ಮನೆಯಲ್ಲಿ ತೇವ, ತುಕ್ಕು ತಡೆಯುವುದು ಹೇಗೆ?

ವರ್ಸೋವಾದಲ್ಲೋ ವರ್ಲಿಯಲ್ಲೋ ಕಡಲಿಗೆ ಮುಖಮಾಡಿದ ಕಿಟಕಿಯ ಗ್ರಿಲ್ ಮೇಲೆ ಬೆರಳಾಡಿಸಿ ನೋಡಿ, ಅಂಟಂಟು. ಅದು ಉಪ್ಪು. ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಈ ಉಪ್ಪು ತೇವ ಹೀರಿ ತಾನೇ ನೀರಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಅದನ್ನು ದಾಟದ ದಿನಗಳೇ ಕಡಿಮೆ. ಒಂದು ಹನಿ ಮಳೆ ತಾಗದ ಬಿಜಾಗ್ರಿಗೂ ತುಕ್ಕು ಹಿಡಿಯುವುದು ಹೀಗೆ. ಆದ್ದರಿಂದ ಗ್ರಿಲ್, ಚಿಲಕ, ಕಿಟಕಿಯ ಹಳಿಗಳನ್ನು ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ದೃಷ್ಟಿ ಹೋಗಲೆಂದು ಕಲ್ಲುಪ್ಪು ಹಾಕಿ ನೆಲ ಒರೆಸುವ ರೂಢಿಯಿದ್ದರೆ, ಕಬ್ಬಿಣದ ಕಪಾಟಿನ ಕಾಲುಗಳನ್ನು ಒಮ್ಮೆ ಬಗ್ಗಿ ನೋಡಿ!

ಗ್ರಿಲ್‌ಗೆ ಬಣ್ಣ

ಇದು ಮೇ ತಿಂಗಳ ಕೆಲಸ. ಮೊದಲು ಗ್ರಿಲ್ ತೊಳೆದು ಒಣಗಿಸಿ; ತೊಳೆಯದೆ ಉಜ್ಜಿದರೆ ಉಪ್ಪು ಕಬ್ಬಿಣದ ಸಂದಿನಲ್ಲೇ ಉಳಿಯುತ್ತದೆ. ತಂತಿ ಬ್ರಷ್‌ನಿಂದ ಹಕ್ಕಳೆ ಎಬ್ಬಿಸಿ, 80 ನಂಬರ್, ಆಮೇಲೆ 120 ನಂಬರ್ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ರೆಡ್ ಆಕ್ಸೈಡ್ ಪ್ರೈಮರ್ ಅದೇ ದಿನ ಬಳಿಯಬೇಕು. ಬೋಳು ಕಬ್ಬಿಣವನ್ನು ಒಂದು ರಾತ್ರಿ ಬಿಟ್ಟರೂ ಬೆಳಿಗ್ಗೆ ಕೆಂಪಗಾಗಿರುತ್ತದೆ. ಪ್ರೈಮರ್ ಪೂರ್ತಿ ಒಣಗಿದ ಮೇಲೆ ಎನಾಮೆಲ್ ಎರಡು ಕೋಟ್. ತುಕ್ಕಿನ ಮೇಲೇ ಬಣ್ಣ ಬಳಿಸಿದರೆ ದುಡ್ಡು ದಂಡ: ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಬಣ್ಣವನ್ನು ಒಳಗಿನಿಂದಲೇ ಎತ್ತಿಹಾಕುತ್ತದೆ. ಪೇಂಟರ್ ತಪ್ಪದೆ ಬಿಟ್ಟುಬಿಡುವ ಜಾಗ ಕೆಳಪಟ್ಟಿಯ ಅಡಿಭಾಗ. ನೀರು ಜೋತುಬೀಳುವುದೂ ಅಲ್ಲೇ. ಕೈಗನ್ನಡಿ ಹಿಡಿದು ನೋಡಿ, ಆಮೇಲೆ ಕೂಲಿ ಕೊಡಿ.

ಗ್ರಿಲ್ ಗೋಡೆಗೆ ಸೇರುವ ಸಂದಿಗೆ ಸಿಲಿಕೋನ್ ತುಂಬಿಸುವಾಗ 'ನ್ಯೂಟ್ರಲ್' ಎಂದೇ ಕೇಳಿ ತನ್ನಿ. ವಿನೆಗರ್ ವಾಸನೆಯ ಅಗ್ಗದ ಟ್ಯೂಬ್ ಒಣಗುವಾಗ ಆಮ್ಲ ಬಿಡುತ್ತದೆ, ಲೋಹವನ್ನು ತಿನ್ನುತ್ತದೆ. ಸ್ಲೈಡಿಂಗ್ ಕಿಟಕಿಯ ಕೆಳಹಳಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಪಾರಿವಾಳದ ಪುಕ್ಕ, ಧೂಳು ಕಟ್ಟಿಕೊಂಡರೆ ಮಳೆನೀರು ಒಳಗೇ ಉಕ್ಕುತ್ತದೆ. ಹಿಡಿಸೂಡಿಯ ಕಡ್ಡಿ ಸಾಕು.

ಗೋಡೆ ಬೆವರುತ್ತಿದೆಯೋ, ಒಸರುತ್ತಿದೆಯೋ?

ಕಲೆಯ ಅಂಚಿನಲ್ಲಿ ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ. 48 ಗಂಟೆಯ ಮೇಲೆ ಕೋಣೆಯ ಕಡೆ ಹನಿಯಿದ್ದರೆ ಗಾಳಿಯ ತೇವ: ಎಗ್ಜಾಸ್ಟ್ ಫ್ಯಾನ್ ಓಡಿಸಿ, ಕಪಾಟನ್ನು ಗೋಡೆಯಿಂದ ಮೂರು ಇಂಚು ಸರಿಸಿ. ಹಿಂಬದಿ ಒದ್ದೆಯಾಗಿದ್ದರೆ ಗೋಡೆಯೊಳಗೇ ನೀರಿದೆ. ಆ ಕಲೆ ಜನವರಿಯಲ್ಲೂ ಬೆಳೆಯುತ್ತಿದ್ದರೆ ಪೈಪ್ ಅಥವಾ ಮೇಲ್ಮನೆಯ ಬಚ್ಚಲು, ಮಳೆಗಾಲದಲ್ಲಿ ಮಾತ್ರ ಆದರೆ ಹೊರಗೋಡೆ. ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆಯ ದುರಸ್ತಿ ಸಹಕಾರಿ ವಸತಿ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸೊಸೈಟಿಯ ಪಾಲಿನದು. ಫೋಟೊ ತೆಗೆದು ಲಿಖಿತವಾಗಿ ಕೊಡಿ, ಬಾಯಿಮಾತು ನಂಬಬೇಡಿ.

ಗೋಡೆಯ ಬಿಳಿ ಹುಡಿಯನ್ನು ಒಣಬ್ರಷ್‌ನಿಂದಲೇ ಕೆರೆಯಿರಿ. ಒದ್ದೆಬಟ್ಟೆ ತಾಗಿಸಿದರೆ ಆ ಲವಣ ಕರಗಿ ಮತ್ತೆ ಗಾರೆಯೊಳಗೆ ಇಳಿಯುತ್ತದೆ. ಪುಟ್ಟಿ, ಬಣ್ಣದ ಮಾತು ದೀಪಾವಳಿ ಕಳೆದ ಮೇಲೆ, ಅದೂ ಗೋಡೆ ಒಣಗಿದ್ದರೆ. ಸ್ವಿಚ್‌ಬೋರ್ಡ್ ಸುತ್ತ ತೇವ ಕಂಡರೆ ಕಾಯುವಂತಿಲ್ಲ: ಆ ಕಡೆಯ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ವಿದ್ಯುತ್ ಸೋರಿದೊಡನೆ ತಾನೇ ಬಂದ್ ಆಗುವ ಆರ್‌ಸಿಸಿಬಿ ಸ್ವಿಚ್‌ನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಸಿಂಕ್ ಕೆಳಗಿನ ಬಾಟಲಿ

ಮನೆಯ ಬೇರೆಲ್ಲ ಬಿಜಾಗ್ರಿ ಹೊಳೆಯುತ್ತಿದ್ದು, ಸಿಂಕ್ ಕೆಳಗಿನ ಕಪಾಟಿನದು ಮಾತ್ರ ಕಂದಿದ್ದರೆ ಅಲ್ಲಿ ಬಚ್ಚಲು ತೊಳೆಯುವ ಆ್ಯಸಿಡ್ ಇದೆಯೆಂದೇ ಲೆಕ್ಕ. ಮುಚ್ಚಳ ಸಡಿಲವಿದ್ದರೆ ಅದರ ಆವಿ ಸ್ಟೀಲ್ ಜಾಳಿಗೆ, ಪೈಪ್ ಜೋಡಣೆ ಎಲ್ಲವನ್ನೂ ತಿನ್ನುತ್ತದೆ. ಬಾಟಲಿಯನ್ನು ಮಕ್ಕಳ ಕೈಗೆಟುಕದಂತೆ, ಗಾಳಿಯಾಡುವ ಕಡೆ ಇಡಿ. ಬೂಸು ತೆಗೆಯುವ ಬ್ಲೀಚ್ ಜತೆ ಅದನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಬಟ್ಟೆಯ ಕಪಾಟಿನಲ್ಲಿ ನುಸಿಗುಳಿಗೆ ತೇವ ಹೀರುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಹೀರುತ್ತದೆ, ಆದರೆ ಅದರಲ್ಲಿ ತುಂಬಿದ ನೀರು ಜರಿ ಸೀರೆಯ ಮೇಲೆ ಚೆಲ್ಲಿದರೆ ಸೀರೆ ಹಾಳು; ತಳದ ತಟ್ಟಿನಲ್ಲೇ, ಪ್ಲಾಸ್ಟಿಕ್ ತಟ್ಟೆಯೊಳಗೆ ಇಡಿ. ಗೀಸರ್ ಟ್ಯಾಂಕಿನ ತುಕ್ಕನ್ನು ತಾನು ಹೊತ್ತು ಸವೆಯುವ ಮೆಗ್ನೀಷಿಯಂ ಸರಳೊಂದು ಒಳಗಿರುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುವ ಕಟ್ಟಡದಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಒಳಗಿನ ತಂತಿ ಕಂಡರೆ ಬದಲಿಸಿ.

ಚೌತಿಗೆ ಊರಿಗೆ ಹೊರಟಾಗ ಮುಖ್ಯ ಕಾಕ್ ಮುಚ್ಚಿ, ಕಪಾಟಿನ ಬಾಗಿಲುಗಳನ್ನು ಅರೆ ತೆರೆದಿಡಿ. ಜುಲೈಯಲ್ಲಿ ಉಬ್ಬಿ ಹಿಡಿಯುವ ಕದವನ್ನು ಮಾತ್ರ ಬಡಗಿ ಕರೆಸಿ ಕೆತ್ತಿಸಲು ಹೋಗಬೇಡಿ; ಡಿಸೆಂಬರ್‌ನಲ್ಲಿ ಬೆರಳು ತೂರುವಷ್ಟು ಸಂದು ಬಿದ್ದೀತು. ಕದ ತೇವ ಹೀರುವುದು ಯಾರೂ ಬಣ್ಣ ಬಳಿಯದ ಮೇಲಂಚು, ಕೆಳಂಚಿನಿಂದ. ಒಣಗಿದ ಮೇಲೆ ಕಳಚಿ, ಆ ಎರಡು ಅಂಚಿಗೆ ಎರಡು ಕೈ ವಾರ್ನಿಷ್ ಕೊಡಿಸಿ.